ಗಿಟಾರ್ ವಾದಕನ ಬಲಗೈ

ಗಿಟಾರ್ ನುಡಿಸುವವನನ್ನು ನೋಡುತ್ತ ಕುಳಿತವರ ಕಣ್ಣು ಸಾಮಾನ್ಯವಾಗಿ ಅವನ ಎಡಗೈಯ ಮೇಲೆ ನೆಟ್ಟಿರುತ್ತದೆ. ಮೆಟ್ಟಿಲುಗಳ ಮೇಲೆ ಬೆರಳುಗಳು ಏರಿ ಇಳಿದು ಓಡಾಡುವ ಬೆಡಗೇ ಬೆಡಗು. ಬಲಗೈಯಾದರೋ ಒಂದೇ ಎಡೆಯಲ್ಲಿ ನಿಂತು ತಂತಿಯನ್ನು ಮೀಟುತ್ತಿರುವಂತೆ ಕಾಣುತ್ತದೆ. ಅದರಲ್ಲಿ ನೋಡತಕ್ಕದ್ದೇನೂ ಇಲ್ಲವೆಂದು ತೋರುತ್ತದೆ. ಆದರೆ ಈ ವಾದ್ಯವನ್ನು ಎರಡು ಮೂರು ವರ್ಷ ಕಲಿತವರನ್ನು ವಿಚಾರಿಸಿದರೆ ಬೇರೆಯೇ ಸಂಗತಿ ತಿಳಿದುಬರುತ್ತದೆ. ಎಡಗೈ ಹೇಗೋ ಪಳಗಿರುತ್ತದೆ. ಬಲಗೈ ಒಂದು ವೇಗದವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಅದನ್ನು ಮೀರಲು ಹೋದರೆ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ, ತೋಳು ಬಿಗಿಯುತ್ತದೆ, ಬೇಡದಿದ್ದರೂ ಪಕ್ಕದ ತಂತಿ ನುಡಿಯುತ್ತದೆ.

ಇಂಥ ಅಭ್ಯಾಸಿಗಳಿಗೆ ದೊರೆಯುವ ಉಪದೇಶ ಬಹುಕಾಲದಿಂದ ಒಂದೇ ಬಗೆಯದು: ನಿಧಾನವಾಗಿ ನುಡಿಸು, ಮೆಟ್ರೊನೋಮ್ ಎಂಬ ತಾಳಯಂತ್ರವನ್ನು ದಿನಕ್ಕೊಂದು ಗುರುತಿನಷ್ಟು ಏರಿಸು, ಗಂಟೆಗಟ್ಟಲೆ ಸಾಧನೆ ಮಾಡು, ವೇಗ ತಾನಾಗಿ ಬರುತ್ತದೆ. ಈ ಉಪದೇಶದಲ್ಲಿ ಅರ್ಧ ಮಾತ್ರ ಸತ್ಯವಿದೆಯೆಂಬುದು ನಮ್ಮ ಅಭಿಮತ. ಉಳಿದರ್ಧವನ್ನು ಹೇಳದೆ ಬಿಡುವುದರಿಂದ ಆಗುತ್ತಿರುವ ಹಾನಿ ಸಣ್ಣದಲ್ಲ. ಕೆಲವರು ತಮಗೆ ಹುಟ್ಟಿನಿಂದಲೇ ಆ ಶಕ್ತಿ ಬಂದಿಲ್ಲವೆಂದು ನಿರ್ಧರಿಸಿ ವಾದ್ಯವನ್ನು ಮೂಲೆಗಿಡುತ್ತಾರೆ. ಕೆಲವರು ನೋವನ್ನು ನುಂಗಿಕೊಂಡು ಅಭ್ಯಾಸ ಮುಂದುವರಿಸಿ ಕೈಯನ್ನೇ ಕೆಡಿಸಿಕೊಳ್ಳುತ್ತಾರೆ. ಮನುಷ್ಯನ ಅಂಗಚಲನೆಯನ್ನು ಕುರಿತು ವಿಜ್ಞಾನವು ಒಂದೂಕಾಲು ಶತಮಾನದಿಂದ ಕಂಡುಕೊಂಡಿರುವ ಕೆಲವು ಸಂಗತಿಗಳು ಈ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿವೆ. ಅವನ್ನು ವಾಚಕರ ಮುಂದಿಟ್ಟು ನಮ್ಮ ಅಭಿಪ್ರಾಯವನ್ನು ಸಮರ್ಥಿಸಲು ಯತ್ನಿಸುತ್ತೇವೆ.

ಮೊದಲು ಲೆಕ್ಕವನ್ನು ನೋಡೋಣ. ನಿಮಿಷಕ್ಕೆ ೧೨೦ ಪೆಟ್ಟುಗಳಂತೆ ತಾಳ ನಡೆಯುತ್ತಿದೆ ಎನ್ನೋಣ. ಒಂದೊಂದು ಪೆಟ್ಟಿಗೆ ನಾಲ್ಕು ಸ್ವರಗಳನ್ನು ನುಡಿಸಿದರೆ ನಿಮಿಷಕ್ಕೆ ೪೮೦ ಸ್ವರಗಳು, ಸೆಕೆಂಡಿಗೆ ೮. ಒಂದೊಂದು ಸ್ವರಕ್ಕೂ ದೊರೆಯುವ ಕಾಲ ಒಂದು ಸೆಕೆಂಡಿನ ಎಂಟನೆಯ ಒಂದು ಪಾಲು. ಇದು ನಿಪುಣರಿಗೆ ಅಸಾಧಾರಣ ವೇಗವಲ್ಲ; ಅನೇಕರು ಇದನ್ನು ಮೀರುತ್ತಾರೆ. ಇಷ್ಟು ಕಾಲದಲ್ಲಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದ ಪಿಕ್ ಎಂಬ ಸಣ್ಣ ಬಿಲ್ಲೆ ತಂತಿಯನ್ನು ಮುಟ್ಟಿ, ಬಾಗಿಸಿ, ದಾಟಿ, ಮುಂದಿನ ಮೀಟಿಗೆ ಸಿದ್ಧವಾಗಬೇಕು. ಕುದುರೆಯ ಬಳಿ ತಂತಿ ತಂತಿಗಳ ನಡುವಣ ಅಂತರ ಸುಮಾರು ೧೦ ಮಿಲಿಮೀಟರು. ಅತ್ಯಂತ ದಪ್ಪದ ತಂತಿ ಸೆಕೆಂಡಿಗೆ ಸುಮಾರು ೮೨ ಸಲ ಕಂಪಿಸುವುದರಿಂದ, ಒಂದು ಸ್ವರದ ಅವಧಿಯಲ್ಲಿ ಅದು ಕಂಪಿಸುವುದು ಹತ್ತೇ ಸಲ. ಪಿಕ್ ಸ್ವಲ್ಪ ಮುಂಚೆ ಬಂದು ತಾಗಿದರೂ ಈ ಹತ್ತರಲ್ಲಿ ಮೂರು ನಾಲ್ಕು ಅಡಗಿಹೋಗುತ್ತವೆ. ಕಿವಿಗೆ ಸ್ವರದ ಬದಲು ಕಟಕಟ ಶಬ್ದ ಕೇಳಿಸುತ್ತದೆ. ಖಚಿತತೆ ಎಂದರೆ ಸರಿಯಾದ ತಂತಿಯನ್ನು ಮುಟ್ಟುವುದಷ್ಟೇ ಅಲ್ಲ, ಸರಿಯಾದ ಕ್ಷಣದಲ್ಲಿ ಮುಟ್ಟುವುದೂ ಹೌದು.

ಇನ್ನು ನಮ್ಮ ನರಮಂಡಲದ ವೇಗವೆಷ್ಟು? ಕೈಗೆ ಏನೋ ತಾಗಿದುದನ್ನು ಅರಿತು, ಬೇಕೆಂದೇ ಕೈಯನ್ನು ಅಲುಗಿಸಲು ಸಾಮಾನ್ಯ ಮನುಷ್ಯನಿಗೆ ಸೆಕೆಂಡಿನ ಏಳನೆಯ ಒಂದು ಪಾಲಿನಷ್ಟಾದರೂ ಕಾಲ ಬೇಕು. ಕಣ್ಣಿನಿಂದ ನೋಡಿ ಅಲುಗಿಸಲು ಅದಕ್ಕಿಂತ ಹೆಚ್ಚು. ಅಂದರೆ, ತಪ್ಪಾಯಿತೆಂದು ತಿಳಿದು ತಿದ್ದಿಕೊಳ್ಳುವಷ್ಟರಲ್ಲಿ ಮುಂದಿನ ಮೀಟು ಆಗಲೇ ಆಗಿಹೋಗಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ವುಡ್‌ವರ್ತ್ ೧೮೯೯ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಮೊದಲು ಸ್ಪಷ್ಟವಾಗಿ ಕಂಡುಬಂದಿತು. ಆತನು ಮೆಟ್ರೊನೋಮಿನ ತಾಳಕ್ಕೆ ಸರಿಯಾಗಿ ಪೆನ್ಸಿಲಿನಿಂದ ನಿಯತವಾದ ಉದ್ದದ ಗೆರೆಗಳನ್ನು ಎಳೆಯಿಸಿದನು. ಕಣ್ಣು ತೆರೆದು ಒಮ್ಮೆ, ಮುಚ್ಚಿ ಒಮ್ಮೆ. ನಿಧಾನವಾಗಿ ಎಳೆದಾಗ ಕಣ್ಣು ತೆರೆದಿದ್ದವರ ಗೆರೆಗಳು ಬಹಳ ಹೆಚ್ಚು ಖಚಿತವಾಗಿದ್ದವು. ವೇಗವು ನಿಮಿಷಕ್ಕೆ ಸುಮಾರು ೧೪೦ರ ಮಟ್ಟ ಮುಟ್ಟಿದಾಗ ಕಣ್ಣು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ ಎಂಬ ಸ್ಥಿತಿಯಾಯಿತು. ಕಣ್ಣು ತಿದ್ದಲು ತೆಗೆದುಕೊಳ್ಳುವ ಕಾಲ ಇನ್ನೂ ಕಡಮೆ ಎಂದು ಅನಂತರದ ಪ್ರಯೋಗಗಳು ತೋರಿಸಿರುವುದುಂಟು; ಆದರೂ ಸೆಕೆಂಡಿಗೆ ಎಂಟು ಮೀಟುಗಳೆಂದ ಮೇಲೆ ಒಂದೊಂದನ್ನೂ ನೋಡಿ ತಿದ್ದುವ ಮಾತು ದೂರವೇ ಉಳಿಯಿತು.

೧೯೫೧ರಲ್ಲಿ ಕಾರ್ಲ್ ಲ್ಯಾಷ್ಲಿ ಎಂಬ ವಿಜ್ಞಾನಿ ಇದೇ ವಿಚಾರವನ್ನು ಮುಂದುವರಿಸಿ, ಸಂಗೀತಗಾರನ ಬೆರಳುಗಳು ಒಂದು ಸೆಕೆಂಡಿನಲ್ಲಿ ಹದಿನಾರು ಸಲ ಆಡಬಲ್ಲುವೆಂಬುದನ್ನು ಎತ್ತಿ ತೋರಿಸಿದನು. ಒಂದು ಚಲನೆಯ ಅರಿವು ಮಿದುಳಿಗೆ ಮುಟ್ಟಿ ಅದು ಮುಂದಿನ ಚಲನೆಯನ್ನು ಎಬ್ಬಿಸುತ್ತದೆ ಎಂಬ ಅಂದಿನ ಸಿದ್ಧಾಂತ ಹೀಗಾಗಿ ನಿಲ್ಲಲಾರದೆಂದು ಆತನ ವಾದ. ಶೀಘ್ರವಾದ ಚಲನೆಗಳ ಸಾಲು ಮೊದಲೇ ಒಂದು ಇಡಿಯಾಗಿ ಸಿದ್ಧಗೊಂಡು ಹೊರಡಬೇಕು. ಬಿಲ್ಲಿನಿಂದ ಬಿಟ್ಟ ಬಾಣದಂತೆ, ಹೊರಟ ಮೇಲೆ ಅದನ್ನು ತಿದ್ದಲು ಅವಕಾಶ ಬಹು ಸ್ವಲ್ಪ.

ಇದರಿಂದ ಮುಖ್ಯವಾದ ಒಂದು ಸಂಗತಿ ಹೊರಡುತ್ತದೆ. ನಿಧಾನವಾದ ಮೀಟು ಮತ್ತು ಶೀಘ್ರವಾದ ಮೀಟು ಒಂದೇ ಕ್ರಿಯೆಯ ಎರಡು ವೇಗಗಳಲ್ಲ. ಅವು ಎರಡು ಬೇರೆ ಬೇರೆ ಕ್ರಿಯೆಗಳಾಗಿರಬಹುದು. ನಡೆಯುವವನು ಹೆಜ್ಜೆಯನ್ನು ಬೇಗ ಬೇಗ ಇಟ್ಟಮಾತ್ರಕ್ಕೆ ಅದು ಓಟವಾಗುವುದಿಲ್ಲ. ಓಟದಲ್ಲಿ ಎರಡು ಕಾಲುಗಳೂ ನೆಲವನ್ನು ಬಿಡುವ ಒಂದು ಕ್ಷಣವುಂಟು. ನಡಿಗೆಯನ್ನು ಎಷ್ಟು ವರ್ಷ ಅಭ್ಯಾಸ ಮಾಡಿದರೂ ಆ ಕ್ಷಣವು ಅದರೊಳಗೆ ಹುಟ್ಟುವುದಿಲ್ಲ. ನಿಧಾನವಾಗಿ ನುಡಿಸುವಾಗ ಪ್ರತಿ ಮೀಟನ್ನೂ ನೋಡಿ ತಿದ್ದಲು ಕಾಲವಿರುತ್ತದೆ. ಕೈ ಯಾವ ವಕ್ರಮಾರ್ಗದಲ್ಲಿ ಹೋದರೂ ಕಡೆಗೆ ಸರಿಯಾದ ತಂತಿಯನ್ನು ಸೇರುತ್ತದೆ. ಸ್ವರವು ಶುದ್ಧವಾಗಿಯೇ ಕೇಳಿಸುವುದರಿಂದ ಅಭ್ಯಾಸಿಗೆ ದೋಷವೇ ಗೋಚರವಾಗುವುದಿಲ್ಲ. ವೇಗ ಹೆಚ್ಚಿದಾಗ ತಿದ್ದುವ ಕಾಲ ಮಾಯವಾಗುತ್ತದೆ; ಅದುವರೆಗೆ ಅಡಗಿದ್ದ ವಕ್ರತೆ ಒಮ್ಮೆಲೇ ಹೊರಬೀಳುತ್ತದೆ. ಅಭ್ಯಾಸಿ ಇದನ್ನೇ ಗೋಡೆ ಎನ್ನುತ್ತಾನೆ.

ಈ ವಕ್ರತೆ ಯಾವುದೆಂಬುದಕ್ಕೆ ಒಂದು ಉದಾಹರಣೆಯನ್ನು ವಿವರವಾಗಿ ನೋಡುವುದು ಮೇಲು. ಪಿಕ್ಕಿನಿಂದ ನುಡಿಸುವವರು ನೆಲದ ಕಡೆಗೆ ಒಂದು ಇಳಿಮೀಟು, ಮುಖದ ಕಡೆಗೆ ಒಂದು ಏರುಮೀಟು ಎಂದು ಸರದಿಯಾಗಿ ನುಡಿಸುವುದು ವಾಡಿಕೆ. ಒಂದೇ ತಂತಿಯ ಮೇಲೆ ಇದು ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ತಂತಿಯಿಂದ ತಂತಿಗೆ ದಾಟುವಾಗ. ಆರು ತಂತಿಗಳೂ ಹೆಚ್ಚುಕಡಮೆ ಒಂದೇ ಸಮತಲದಲ್ಲಿವೆ. ಪಿಕ್ಕಿನ ಮೊನೆ ಆ ಸಮತಲಕ್ಕೆ ಸರಿಸಮನಾಗಿ ಅತ್ತಿತ್ತ ಚಲಿಸಿದರೆ, ಪ್ರತಿ ಮೀಟಿನ ಕೊನೆಯಲ್ಲಿಯೂ ಅದು ಎರಡು ತಂತಿಗಳ ನಡುವೆ ಹುದುಗಿರುತ್ತದೆ. ಮೂರನೆಯ ತಂತಿಯ ಮೇಲೆ ಇಳಿಮೀಟನ್ನು ಮುಗಿಸಿದಾಗ ಮೊನೆ ಮೂರನೆಯ ಮತ್ತು ಎರಡನೆಯ ತಂತಿಗಳ ನಡುವಿನ ಕಣಿವೆಯಲ್ಲಿದೆ. ಮುಂದಿನ ಸ್ವರವು ಎರಡನೆಯ ತಂತಿಯ ಮೇಲೆ ಏರುಮೀಟಿನಿಂದ ಬರಬೇಕಾದರೆ, ಮೊನೆ ಎರಡನೆಯ ತಂತಿಯನ್ನು ಮುಟ್ಟದೆ ಹಾರಿ ಅದರ ಆಚೆಗೆ ಹೋಗಬೇಕು. ಸೆಕೆಂಡಿಗೆ ಎರಡು ಸ್ವರಗಳ ನಡೆಯಲ್ಲಿ ಮಣಿಕಟ್ಟನ್ನು ಎತ್ತಿ ಬೇಲಿಯನ್ನು ದಾಟಿದಂತೆ ದಾಟಬಹುದು. ಎಂಟು ಸ್ವರಗಳ ನಡೆಯಲ್ಲಿ ಹಾಗೆ ಎತ್ತಲು ಕಾಲವೆಲ್ಲಿ?

ನಿಪುಣರು ಇದನ್ನು ಬೇರೆ ಬಗೆಯಿಂದ ಪರಿಹರಿಸಿಕೊಂಡಿರುತ್ತಾರೆ. ಅವರ ಪಿಕ್ಕಿನ ಮಾರ್ಗ ಸಮತಲಕ್ಕೆ ಸ್ವಲ್ಪ ಓರೆಯಾಗಿರುತ್ತದೆ. ಅದರಿಂದ ಒಂದು ದಿಕ್ಕಿನ ಮೀಟಿನ ಕೊನೆಯಲ್ಲಿ ಮೊನೆ ತಾನಾಗಿಯೇ ತಂತಿಗಳ ಮೇಲಕ್ಕೆ ಎದ್ದು ಬಯಲಿಗೆ ಬರುತ್ತದೆ. ಇನ್ನೊಂದು ದಿಕ್ಕಿನಲ್ಲಿ ಮಾತ್ರ ಕಣಿವೆಯಲ್ಲಿ ಇಳಿದಿರುತ್ತದೆ. ಬಯಲಿಗೆ ಬಂದಾಗ ಯಾವ ತಂತಿಗಾದರೂ ಹೋಗಲು ಅಡ್ಡಿಯಿಲ್ಲ. ಏರುಮೀಟಿನಲ್ಲಿ ಬಯಲಿಗೆ ಬರುವ ಕೈಗೆ, ಒಂದೊಂದು ತಂತಿಯ ಮೇಲೂ ಎರಡೋ ನಾಲ್ಕೋ ಸ್ವರಗಳಿರುವ ಪಾಠ ಸುಲಭ. ಇಳಿಮೀಟಿನಿಂದ ಮೊದಲಿಟ್ಟರೆ ದಾಟುವ ಸಮಯ ಬಂದಾಗಲೆಲ್ಲ ಏರುಮೀಟು ಮುಗಿದಿರುತ್ತದೆ. ಅದೇ ಕೈಗೆ ತಂತಿಗೆ ಮೂರು ಮೂರು ಸ್ವರಗಳ ಪಾಠವನ್ನು ಕೊಟ್ಟರೆ ಎರಡು ಸಲಕ್ಕೊಮ್ಮೆ ಕಣಿವೆಯಿಂದ ಹಾರಬೇಕಾಗಿ ಎಡವುತ್ತದೆ. ಇಲ್ಲಿ ಕೊರತೆಯಿರುವುದು ಸ್ನಾಯುವಿನ ಬಲದಲ್ಲಿಯೂ ಅಲ್ಲ, ಶ್ರದ್ಧೆಯಲ್ಲಿಯೂ ಅಲ್ಲ. ಚಲನೆಯ ಆಕಾರಕ್ಕೂ ಪಾಠದ ಆಕಾರಕ್ಕೂ ಹೊಂದಿಕೆಯಿಲ್ಲ, ಅಷ್ಟೆ. ತಾಳಯಂತ್ರವನ್ನು ವರ್ಷಗಟ್ಟಲೆ ಏರಿಸಿ ಇಳಿಸಿದರೂ ಈ ಹೊಂದಿಕೆ ಒದಗದು.

ಜಾಂಗೊ ರೈನ್‌ಹಾರ್ಟ್‌ನ ಚರಿತ್ರೆ ಇಲ್ಲಿ ನೆನೆಯತಕ್ಕದ್ದು. ಬೆಲ್ಜಿಯಂನಲ್ಲಿ ೧೯೧೦ರಲ್ಲಿ ರೋಮಾ ಜನಾಂಗದಲ್ಲಿ ಹುಟ್ಟಿದ ಈತನು ೧೯೨೮ರಲ್ಲಿ ತನ್ನ ವಾಸದ ಬಂಡಿಗೆ ಬೆಂಕಿ ಬಿದ್ದು ತೀವ್ರವಾಗಿ ಸುಟ್ಟುಕೊಂಡನು. ಎಡಗೈಯ ಉಂಗುರಬೆರಳೂ ಕಿರುಬೆರಳೂ ಬಹುಮಟ್ಟಿಗೆ ನಿಷ್ಪ್ರಯೋಜಕವಾದವು. ಆದರೂ ೧೯೩೪ರಲ್ಲಿ ಪ್ಯಾರಿಸಿನಲ್ಲಿ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲಿಯೊಡನೆ ಆರಂಭವಾದ ಐವರ ತಂಡದಲ್ಲಿ ಆತನು ನುಡಿಸಿದ ವೇಗವನ್ನು ಇಂದಿನವರೂ ಬೆರಗಿನಿಂದ ಕೇಳುತ್ತಾರೆ. ಎರಡೇ ಬೆರಳುಗಳ ಎಡಗೈಗೆ ಅಷ್ಟು ವೇಗ ಸಾಧ್ಯವಾದುದರಲ್ಲಿ ಬಲಗೈಯ ಸುವ್ಯವಸ್ಥೆಯ ಪಾಲು ದೊಡ್ಡದು. ಆತನ ಪರಂಪರೆಯ ವಾದಕರು ಮಣಿಕಟ್ಟನ್ನು ಸ್ವಲ್ಪ ಬಾಗಿಸಿ, ಹಲಗೆಯ ಮೇಲೆ ಊರದೆ, ಇಳಿಮೀಟು ಮುಂದಿನ ತಂತಿಗೆ ಬಂದು ಒರಗುವಂತೆ ನುಡಿಸುತ್ತಾರೆ. ಏರುಮೀಟು ಬಯಲಿಗೆ ಬರುತ್ತದೆ. ಹೊಸ ತಂತಿಗೆ ಹೋದಾಗ ಇಳಿಮೀಟಿನಿಂದಲೇ ಆರಂಭ. ಇಳಿಮೀಟಿನ ಮೇಲೆ ಇಳಿಮೀಟು ಬಂದರೂ ಚಿಂತೆಯಿಲ್ಲ, ಪಿಕ್ ಆಗಲೇ ಮುಂದಿನ ತಂತಿಗೆ ಒರಗಿದೆಯಷ್ಟೆ. ಸರದಿಯ ನಿಯಮವನ್ನು ಮುರಿದು, ಕೈಯ ಚಲನೆಗೆ ಅನುಗುಣವಾದ ಬೇರೊಂದು ನಿಯಮವನ್ನು ಅವರು ಕಟ್ಟಿಕೊಂಡಿದ್ದಾರೆ. ಇದೊಂದೇ ಸರಿಯಾದ ಮಾರ್ಗವೆಂದು ನಾವು ಹೇಳುತ್ತಿಲ್ಲ. ಚಲನೆಯನ್ನು ಅರಿತು ಪಾಠವನ್ನು ಹೊಂದಿಸಬೇಕೆಂಬುದಕ್ಕೆ ಇದು ನಿದರ್ಶನ.

ಎರಡನೆಯ ದೋಷ ಬಿಗಿತ. ಮಣಿಕಟ್ಟನ್ನು ಒಂದು ಕಡೆಗೆ ಎಳೆಯುವ ಸ್ನಾಯುಗಳಿಗೆ ಎದುರಾಳಿಯಾಗಿ ಮತ್ತೊಂದು ಕಡೆಗೆ ಎಳೆಯುವ ಸ್ನಾಯುಗಳಿವೆ. ಒಂದು ಎಳೆಯುವಾಗ ಇನ್ನೊಂದು ಸಡಿಲವಾಗಬೇಕು. ಗುರಿ ತಪ್ಪೀತೆಂಬ ಅಳುಕು ಬಂದಾಗ ಎರಡೂ ಒಟ್ಟಿಗೆ ಬಿಗಿಯುವುದು ಶರೀರದ ಸ್ವಭಾವ. ಹಗ್ಗಜಗ್ಗಾಟದಲ್ಲಿ ಎರಡು ಕಡೆಯವರೂ ಎಳೆದರೆ ಹಗ್ಗ ಅಲುಗದೆ ನಿಲ್ಲುವಂತೆ ಕೈ ಸ್ಥಿರವಾಗುತ್ತದೆ. ಕ್ಷಣಕಾಲ ಖಚಿತತೆ ಹೆಚ್ಚುತ್ತದೆ. ಆದರೆ ಅದಕ್ಕೆ ತೆತ್ತ ಬೆಲೆ ವೇಗ ಮತ್ತು ದಣಿವು. ಒತ್ತಾಯದಿಂದ ವೇಗವನ್ನು ಹೆಚ್ಚಿಸಲು ಹೊರಟವನು ತಿಳಿಯದೆಯೇ ತನ್ನ ಚಕ್ರಕ್ಕೆ ತಾನೇ ತಡೆಯನ್ನು ಒತ್ತಿಕೊಂಡಿರುತ್ತಾನೆ. ಪಿಕ್ಕನ್ನು ಹಿಡಿದ ಬೆರಳುಗಳ ಉಗುರು ಬೆಳ್ಳಗಾಗಿದ್ದರೆ, ಹೆಗಲು ಕಿವಿಯ ಕಡೆಗೆ ಏರಿದ್ದರೆ, ಉಸಿರು ನಿಂತಿದ್ದರೆ, ತಡೆ ಬಿದ್ದಿದೆಯೆಂದೇ ಅರ್ಥ.

ಚಲನೆಯನ್ನು ಆದಷ್ಟು ಚಿಕ್ಕದು ಮಾಡಬೇಕೆಂಬ ಇನ್ನೊಂದು ಉಪದೇಶವೂ ಪ್ರಚಾರದಲ್ಲಿದೆ. ಇದಕ್ಕೆ ಆಧಾರವಿಲ್ಲದೆ ಇಲ್ಲ. ಪಾಲ್ ಫಿಟ್ಸ್ ೧೯೫೪ರಲ್ಲಿ, ಎರಡು ಫಲಕಗಳನ್ನು ಕಡ್ಡಿಯಿಂದ ಸರದಿಯಾಗಿ ಮುಟ್ಟಿಸಿ, ದೂರ ಇಮ್ಮಡಿಯಾದಾಗಲೂ ಗುರಿಯ ಅಗಲ ಅರ್ಧವಾದಾಗಲೂ ಚಲನೆಯ ಕಾಲ ಒಂದೇ ಪ್ರಮಾಣದಲ್ಲಿ ಹೆಚ್ಚುವುದೆಂದು ತೋರಿಸಿದನು. ತಂತಿಯನ್ನು ದಾಟಿ ಎರಡು ಸೆಂಟಿಮೀಟರು ಆಚೆ ಹೋಗಿ ಬರುವ ಪಿಕ್ ಕಾಲವನ್ನು ವ್ಯರ್ಥ ಮಾಡುತ್ತದೆಂಬುದು ನಿಜವೇ. ಆದರೆ ಚಲನೆಯನ್ನು ಹಿಡಿದು ಕುಗ್ಗಿಸಹೋದರೆ ಮೇಲೆ ಹೇಳಿದ ಬಿಗಿತ ಬರುತ್ತದೆ. ಚಿಕ್ಕತನವು ಸಡಿಲತೆಯ ಫಲವಾಗಿ ಬರಬೇಕು, ಆಜ್ಞೆಯಿಂದ ಬರಿಸತಕ್ಕದ್ದಲ್ಲ.

ಹಾಗಾದರೆ ಅಭ್ಯಾಸ ಹೇಗಿರಬೇಕು? ನಮ್ಮ ಕರ್ಣಾಟಕ ಸಂಗೀತದ ಪಾಠಕ್ರಮದಲ್ಲಿಯೇ ಇದಕ್ಕೊಂದು ಸುಳುಹು ಇದೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಸರಳೆ ವರಸೆಗಳನ್ನು ಮಕ್ಕಳು ಮೂರು ಕಾಲಗಳಲ್ಲಿ ಹೇಳುತ್ತಾರೆ. ತಾಳ ಬದಲಾಗುವುದಿಲ್ಲ, ಒಂದು ಎಣಿಕೆಗೆ ಮೊದಲು ಒಂದು ಸ್ವರ, ಅನಂತರ ಎರಡು, ಅನಂತರ ನಾಲ್ಕು. ಮೆಟ್ರೊನೋಮಿನ ಗುರುತುಗಳಾದರೋ ೬೦, ೬೩, ೬೬, ೬೯, ೭೨ ಎಂದು ಇಂಚು ಇಂಚಾಗಿ ಏರುತ್ತವೆ. ಇಷ್ಟು ಸಣ್ಣ ಏರಿಕೆಯಲ್ಲಿ ದೋಷವಿರುವ ಚಲನೆಯೂ ಹೇಗೋ ಹೊಂದಿಕೊಂಡು ತೆವಳುತ್ತ ಮುಂದೆ ಸಾಗುತ್ತದೆ. ಅದು ಗೊತ್ತಾಗುವ ಹೊತ್ತಿಗೆ ಹಲವು ತಿಂಗಳುಗಳು ಕಳೆದು ಅಭ್ಯಾಸ ಬೇರೂರಿರುತ್ತದೆ. ವೇಗವು ಒಮ್ಮೆಗೇ ಇಮ್ಮಡಿಯಾದಾಗ ಹಾಗಲ್ಲ. ಚಲನೆ ಸರಿಯಿದ್ದರೆ ನಡೆಯುತ್ತದೆ, ಇಲ್ಲದಿದ್ದರೆ ಅಂದೇ ಮುರಿದು ಬೀಳುತ್ತದೆ. ಮೂರನೆಯ ಕಾಲವು ಮೊದಲನೆಯ ಕಾಲಕ್ಕೆ ಪರೀಕ್ಷಕನಂತೆ. ವೀಣೆಯ ವಿದ್ಯಾರ್ಥಿಗೆ ಸಹಜವಾಗಿ ದೊರೆಯುವ ಈ ಪರೀಕ್ಷೆಯನ್ನು ಗಿಟಾರ್ ವಿದ್ಯಾರ್ಥಿಗೆ ನಾವೇಕೆ ಕೊಡಬಾರದು?

ಆದುದರಿಂದ, ಕಲಿಕೆಯ ಆರಂಭದಲ್ಲಿಯೇ ಶೀಘ್ರಗತಿಯನ್ನು ಸಣ್ಣ ತುಣುಕುಗಳಲ್ಲಿ ಪರೀಕ್ಷಿಸಿನೋಡಬೇಕು. ಒಂದೇ ತಂತಿಯ ಮೇಲೆ ನಾಲ್ಕೋ ಎಂಟೋ ಮೀಟುಗಳು, ಹಗುರಾಗಿ, ಮೇಜಿನ ಮೇಲೆ ಬೆರಳು ತಟ್ಟುವಷ್ಟು ಸಲೀಸಾಗಿ, ಕೂಡಲೆ ಬಿಡುವು. ಯಾವ ಭಂಗಿಯಲ್ಲಿ ಕೈ ಬಿಗಿಯದೆ ಓಡುತ್ತದೆಯೋ ಅದನ್ನು ಗುರುತಿಸಿಕೊಂಡು, ಅನಂತರ ಅದೇ ಚಲನೆಯನ್ನು ನಿಧಾನಗೊಳಿಸಿ ಅಭ್ಯಾಸ ಮಾಡಬೇಕು. ನಿಧಾನವಾದ ಸಾಧನೆ ಬೇಡವೆಂದು ಇದರ ಅರ್ಥವಲ್ಲ. ಶೀಘ್ರ ಚಲನೆ ಯಾವುದೆಂದು ಕಂಡ ಮೇಲೆ ನಿಧಾನಕ್ಕೆ ಬೆಲೆ ಬರುತ್ತದೆ. ಅದಕ್ಕೆ ಮೊದಲು ಮಾಡಿದ ನಿಧಾನ ಸಾಧನೆ ಊರು ಯಾವುದೆಂದು ತಿಳಿಯದೆ ಹಿಡಿದ ದಾರಿಯಂತೆ.

ಎಡಗೈಯನ್ನೂ ಇಲ್ಲಿ ಮರೆಯುವಂತಿಲ್ಲ. ಬೆರಳು ಮೆಟ್ಟಿಲನ್ನು ಒತ್ತುವ ಕ್ಷಣವೂ ಪಿಕ್ ತಂತಿಯನ್ನು ಬಿಡುವ ಕ್ಷಣವೂ ಕೂಡಿಬರದಿದ್ದರೆ ಎರಡು ಕೈಗಳು ಬೇರೆ ಬೇರೆಯಾಗಿ ಎಷ್ಟೇ ಚುರುಕಾಗಿದ್ದರೂ ಪ್ರಯೋಜನವಿಲ್ಲ. ಬಲಗೈಯ ಅಪರಾಧವೆಂದು ಎಣಿಸಿದ ಎಷ್ಟೋ ತಪ್ಪುಗಳು ಈ ಹೊಂದಾಣಿಕೆಯ ತಪ್ಪುಗಳು. ನಾಲ್ಕು ಸ್ವರಗಳ ಗುಂಪಿನ ಮೊದಲನೆಯದನ್ನು ತುಸು ಒತ್ತಿ ನುಡಿಸುವುದರಿಂದ ಎರಡು ಕೈಗಳಿಗೂ ಒಂದು ಸಂಧಿಸ್ಥಾನ ದೊರೆಯುತ್ತದೆ.

ಒಂದೇ ಪಾಠವನ್ನು ನೂರು ಸಲ ಅಚ್ಚೊತ್ತಿದಂತೆ ನುಡಿಸುವುದೂ ಅಷ್ಟೇನೂ ಫಲಕಾರಿಯಲ್ಲ. ಸೋವಿಯತ್ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ೧೯೨೦ರ ದಶಕದಲ್ಲಿ ಮಾಸ್ಕೋದಲ್ಲಿ ನುರಿತ ಕೆಲಸಗಾರರ ಸುತ್ತಿಗೆಯ ಪೆಟ್ಟುಗಳನ್ನು, ಅವರ ಮೈಗೆ ಸಣ್ಣ ದೀಪಗಳನ್ನು ಕಟ್ಟಿ ಛಾಯಾಚಿತ್ರ ತೆಗೆದು, ಅಳೆದು ನೋಡಿದನು. ಸುತ್ತಿಗೆ ಗುರಿಯನ್ನು ಮುಟ್ಟುವುದು ನಿಯತ. ಹೆಗಲು, ಮೊಣಕೈ, ಮಣಿಕಟ್ಟುಗಳು ಅಲ್ಲಿಗೆ ಬರುವ ದಾರಿ ಮಾತ್ರ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬೇರೆ. ಅಭ್ಯಾಸವೆಂದರೆ ಒಂದು ಉತ್ತರವನ್ನು ಮತ್ತೆ ಮತ್ತೆ ಬರೆಯುವುದಲ್ಲ, ಲೆಕ್ಕವನ್ನು ಮತ್ತೆ ಮತ್ತೆ ಬಿಡಿಸುವುದು ಎಂದು ಆತನು ಕಂಡುಕೊಂಡನು. ೧೯೭೯ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಅಮೆರಿಕದ ಸಂಶೋಧಕರು ಮೂರು ಬಗೆಯ ಕೈಚಲನೆಗಳನ್ನು ಕೆಲವರಿಗೆ ಒಂದಾದ ಮೇಲೊಂದರಂತೆ, ಕೆಲವರಿಗೆ ಬೆರೆಸಿ ಕಲಿಸಿದರು. ಕಲಿಯುವಾಗ ಮೊದಲಿನವರೇ ಮುಂದು. ಹತ್ತು ದಿನಗಳ ಬಳಿಕ ಪರೀಕ್ಷಿಸಿದಾಗ ಬೆರೆಸಿ ಕಲಿತವರ ನೆನಪೇ ಹೆಚ್ಚು ಗಟ್ಟಿ. ಅಭ್ಯಾಸದ ಹೊತ್ತಿನಲ್ಲಿ ಸುಲಭವೆನಿಸಿದ್ದೆಲ್ಲ ಕಲಿತಂತಲ್ಲ.

ಬಿಡುವಿನ ಮಾತೂ ಇದೆ. ಬೆರಳುಗಳಿಂದ ಕೀಲಿಗಳನ್ನು ಕ್ರಮವಾಗಿ ಒತ್ತುವ ಪಾಠವನ್ನು ಕಲಿತವರು ಒಂದು ರಾತ್ರಿ ನಿದ್ದೆ ಮಾಡಿ ಎದ್ದಾಗ ಅವರ ವೇಗ ಶೇಕಡ ೨೦ರಷ್ಟು ಹೆಚ್ಚಿರುವುದನ್ನು, ತಪ್ಪುಗಳು ಮಾತ್ರ ಹೆಚ್ಚದಿರುವುದನ್ನು, ಅಮೆರಿಕದ ಸಂಶೋಧಕರು ೨೦೦೨ರಲ್ಲಿ ವರದಿ ಮಾಡಿದರು. ಅದರಲ್ಲಿ ನಿದ್ದೆಯ ಪಾಲೆಷ್ಟು, ದಣಿವಾರಿದುದರ ಪಾಲೆಷ್ಟು ಎಂಬ ಚರ್ಚೆ ಬಳಿಕ ನಡೆದಿದೆ. ಯಾವುದೇ ಆದರೂ ಅಭ್ಯಾಸಿಗೆ ತಾತ್ಪರ್ಯ ಒಂದೇ: ನಾಲ್ಕು ಗಂಟೆ ಒಂದೇ ಸಮನೆ ಕುಳಿತು ದಣಿಯುವುದಕ್ಕಿಂತ ಇಪ್ಪತ್ತು ನಿಮಿಷಗಳಂತೆ ಬಿಡಿಬಿಡಿಯಾಗಿ ಕುಳಿತುಕೊಳ್ಳುವುದು ಲೇಸು.

ಇದಕ್ಕೆ ಪ್ರತಿಯಾಗಿ ಹಿರಿಯ ಅಧ್ಯಾಪಕರು ಹೇಳುವ ಮಾತನ್ನು ನಾವು ಬಲ್ಲೆವು. ಮಕ್ಕಳಿಗೆ ಮೊದಲೇ ವೇಗದ ರುಚಿ ಹತ್ತಿಸಿದರೆ ಶುದ್ಧಿ ಕೆಡುತ್ತದೆ, ಸ್ವರಜ್ಞಾನ ಬೆಳೆಯುವುದಿಲ್ಲ ಎಂಬುದು ಅವರ ಆತಂಕ. ಆತಂಕ ನ್ಯಾಯವಾದುದೇ. ಆದರೆ ಕೆಡುವುದು ಶೀಘ್ರತೆಯಿಂದಲ್ಲ, ಕಿವಿಗೊಡದೆ ನುಡಿಸುವುದರಿಂದ. ಎಂಟೇ ಮೀಟುಗಳ ತುಣುಕಿನಲ್ಲಿ ಕಿವಿಗೆ ಮೋಸವಾಗುವುದು ಕಷ್ಟ. ಒಂದು ಗಂಟೆಯ ಯಾಂತ್ರಿಕ ಸಾಧನೆಯಲ್ಲಿ ಕಿವಿ ಎಂದೋ ನಿದ್ದೆಹೋಗಿರುತ್ತದೆ.

ಎಲ್ಲಕ್ಕಿಂತ ಗಂಭೀರವಾದುದು ನೋವಿನ ವಿಷಯ. ನೋವಿಲ್ಲದೆ ಸಿದ್ಧಿಯಿಲ್ಲ ಎಂಬ ಮಾತು ಕೈಗೆ ಸಂಬಂಧಿಸಿದಂತೆ ಅಪಾಯಕರ. ತೋಳಿನ ಉರಿಯೂ ಬೆರಳುಗಳ ಜೋಮೂ ಶರೀರವು ಕಳಿಸುವ ಎಚ್ಚರಿಕೆಯ ಓಲೆಗಳು. ಇದಲ್ಲದೆ, ವೃತ್ತಿಯ ಸಂಗೀತಗಾರರಲ್ಲಿ ಸುಮಾರು ನೂರಕ್ಕೊಬ್ಬರಿಗೆ ಫೋಕಲ್ ಡಿಸ್ಟೋನಿಯ ಎಂಬ ವಿಕಾರ ಬರುತ್ತದೆಂದು ಅಂದಾಜು ಮಾಡಿದ್ದಾರೆ. ಇದರಲ್ಲಿ ನೋವೇ ಇರುವುದಿಲ್ಲ. ವಾದ್ಯವನ್ನು ಹಿಡಿದ ಕೂಡಲೆ ಬೆರಳುಗಳು ಇಚ್ಛೆಗೆ ವಿರುದ್ಧವಾಗಿ ಮಡಿಚಿಕೊಳ್ಳುತ್ತವೆ. ಬಹುಕಾಲದ ಅತಿಯಾದ, ಒಂದೇ ತೆರನಾದ ಸಾಧನೆ ಇದರ ಕಾರಣಗಳಲ್ಲೊಂದೆಂದು ತಜ್ಞರು ಎಣಿಸುತ್ತಾರೆ. ಹೀಗಿರುವಾಗ ವಿದ್ಯಾರ್ಥಿಯ ಯೋಗ್ಯತೆಯನ್ನು ಗಂಟೆಗಳಿಂದ ಅಳೆಯುವ ಅಧ್ಯಾಪಕನು ತನ್ನ ಹೊಣೆಯನ್ನು ಅರಿತಿಲ್ಲವೆಂದೇ ಹೇಳಬೇಕಾಗುತ್ತದೆ. ನೋವು ಒಂದೆರಡು ದಿನಗಳಲ್ಲಿ ಶಮನವಾಗದಿದ್ದರೆ ವಾದ್ಯವನ್ನು ಕೆಳಗಿಟ್ಟು ವೈದ್ಯರಲ್ಲಿಗೆ ಹೋಗುವುದೇ ವಿವೇಕ.

ಬರ್ನ್‌ಸ್ಟೈನನಿಗೆ ಒಂದು ಸಂಸ್ಥೆಯ ಪ್ರಯೋಗಶಾಲೆ ಬೇಕಾಯಿತು. ಇಂದು ಅನೇಕ ಸಂಚಾರಿ ದೂರವಾಣಿಗಳಲ್ಲಿ ಸೆಕೆಂಡಿಗೆ ೨೪೦ ಚಿತ್ರಗಳನ್ನು ತೆಗೆಯುವ ಸೌಲಭ್ಯವಿದೆ. ಸೆಕೆಂಡಿಗೆ ಎಂಟು ಮೀಟುಗಳಾದರೆ ಒಂದೊಂದು ಮೀಟಿಗೂ ೩೦ ಚಿತ್ರಗಳು. ಪಿಕ್ ಎಲ್ಲಿ ಬಯಲಿಗೆ ಬರುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ, ಕಿರುಬೆರಳು ಯಾವಾಗ ಸೆಟೆಯುತ್ತದೆ ಎಂಬುದನ್ನು ವಿದ್ಯಾರ್ಥಿ ತನ್ನ ಕಣ್ಣಿನಿಂದಲೇ ನೋಡಬಹುದು. ಆ ಯಂತ್ರವನ್ನು ಇತರರ ವೇಗವನ್ನು ನೋಡಿ ನಿಟ್ಟುಸಿರಿಡುವುದಕ್ಕೆ ಉಪಯೋಗಿಸುವವರು ಬಹಳ. ತನ್ನ ಕೈಯನ್ನು ತಾನು ನೋಡಿಕೊಳ್ಳುವವರು ವಿರಳ.

ಗಿಟಾರ್ ಕಲಿಸುವ ಶಾಲೆಗಳೂ ಅಧ್ಯಾಪಕರೂ ಮೊದಲ ವರ್ಷದಲ್ಲಿಯೇ ವಿದ್ಯಾರ್ಥಿಯ ಬಲಗೈಯನ್ನು ಪರೀಕ್ಷಿಸಿ, ಅದರ ಸಹಜವಾದ ಚಲನೆ ಯಾವುದೆಂದು ಅವನಿಗೆ ತಿಳಿಸಿಕೊಡಬೇಕೆಂಬುದು ನಮ್ಮ ಸೂಚನೆ. ಇದಕ್ಕೆ ಹಣ ಬೇಡ, ಹೊಸ ಪಠ್ಯವೂ ಬೇಡ. ಗಮನವಿಟ್ಟು ನೋಡುವ ಅಭ್ಯಾಸವಿದ್ದರೆ ಸಾಕು. ವೇಗವನ್ನು ಹೊರಗಿನಿಂದ ತಂದು ಕೈಗೆ ಹೇರಬೇಕಾಗಿಲ್ಲ. ಚಲನೆಯಲ್ಲಿ ಅಡ್ಡಬಂದುದನ್ನು ಒಂದೊಂದಾಗಿ ತೆಗೆದುಹಾಕಿದರೆ ಉಳಿಯುವುದೇ ವೇಗ.